ಸಣ್ಣ ಊರಿನ ಕೊಳಚೆ, ತುಂಗೆಯ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ, ಹೊನ್ನಾಳಿ, ಹರಿಹರ. ತುಂಗೆ ಮತ್ತು ತುಂಗಭದ್ರೆಯ ದಡದಲ್ಲಿ ಒಂದರ ಹಿಂದೆ ಒಂದು ಊರು. ಶಿವಮೊಗ್ಗ ಒಂದು ದೊಡ್ಡದು, ಉಳಿದವು ಸಣ್ಣಪುಟ್ಟವು. ಮೇಲಿನ ಊರು ಬಿಟ್ಟ ನೀರನ್ನೇ ಕೆಳಗಿನ ಊರು ಜಾಕ್‌ವೆಲ್‌ನಿಂದ (ಹೊಳೆ ನೀರೆತ್ತುವ ಬಾವಿ) ಎತ್ತಿ ಶುದ್ಧ ಮಾಡಿ ಕುಡಿಯುತ್ತದೆ. ಈ ಊರುಗಳ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಬೇರೆ ಹೊಳೆಯ ದಡದವರಿಗೂ ಹೆಚ್ಚಿನ ಪಾಲು ಅನ್ವಯಿಸುತ್ತದೆ.

"ತುಂಗಾ ಪಾನ, ಗಂಗಾ ಸ್ನಾನ" ಅಂತಾರೆ. ಈಗಲೂ ತುಂಗೆಯ ನೀರನ್ನು ಹಾಗೇ ಕುಡಿಯಬಹುದಾ?

ಬೇಡ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಳೆ ನೀರನ್ನು ಎ, ಬಿ, ಸಿ, ಡಿ, ಇ ಎಂದು ಐದು ದರ್ಜೆ ಮಾಡುತ್ತದೆ. ಎ ದರ್ಜೆಯ ನೀರಿಗೆ ಕ್ಲೋರಿನ್ ಹಾಕಿದರೆ ಸಾಕು, ಕುಡಿಯಬಹುದು. ಬಿ ಅಂದರೆ ಸ್ನಾನಕ್ಕೆ ಆಗುವ ನೀರು. ಸಿ ಅಂದರೆ ಆಲಂ ಹಾಕಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಕೊಟ್ಟ ಮೇಲಷ್ಟೇ ಕುಡಿಯಬೇಕಾದ ನೀರು. ಡಿ ಮೀನು, ಕಾಡುಪ್ರಾಣಿಗಳಿಗೆ. ಇ ಗದ್ದೆಗೆ.

2018ರಲ್ಲಿ ಇದೇ ಮಂಡಳಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದ್ದು 17. ತುಂಗಭದ್ರಾ, ಭದ್ರಾ, ತುಂಗಾ ಮೂರೂ ಅದರಲ್ಲಿವೆ. ಮೂರರಲ್ಲಿ ತುಂಗೆಯ ಸ್ಥಿತಿಯೇ ವಾಸಿ, ಅದನ್ನು ಕೊನೆಯ ಆದ್ಯತೆಯಲ್ಲಿ ಇಟ್ಟಿದ್ದಾರೆ. ಸಮಾಧಾನದ ವಿಷಯವೇ. ಆದರೆ ಗಾದೆಯ ಮಾತು ನಂಬಿ ಬೊಗಸೆಯಲ್ಲಿ ಎತ್ತಿ ಕುಡಿಯುವಷ್ಟು ಸಮಾಧಾನ ಅಲ್ಲ. ಕುದಿಸಿ ಆರಿಸಿ ಕುಡಿಯಿರಿ.

ಬಿಒಡಿ, ಡಿಒ ಅಂತ ಪೇಪರ್‌ನಲ್ಲಿ ಬರುತ್ತೆ. ಏನು ಹಾಗಂದ್ರೆ?

ಡಿಒ ಅಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ. ನಮ್ಮ ಕಡೆಯ ಬಿಸಿಲಿಗೆ ಒಳ್ಳೆಯ ನೀರಿನಲ್ಲೂ ಲೀಟರಿಗೆ ಸುಮಾರು 8 ಮಿಲಿಗ್ರಾಂ ಕರಗಬಹುದು ಅಷ್ಟೆ. ಮೀನು ಬದುಕಲು 4 ಆದರೂ ಬೇಕು. ಸ್ನಾನದ ನೀರಿಗೆ 5 ಇರಬೇಕು ಅನ್ನುತ್ತದೆ ನಿಯಮ.

ಬಿಒಡಿ ಅಂದರೆ ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ. ಕೊಳೆ ಜಾಸ್ತಿ ಇದ್ದರೆ ಬಿಒಡಿ ಜಾಸ್ತಿ. ಸ್ನಾನದ ಹೊಳೆಯಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಮನೆಗಳಿಂದ ಬರುವ ಕೊಳಚೆಯಲ್ಲಿ 200ರಿಂದ 300 ಇರುತ್ತದೆ. ಬೇರೆ ದೇಶಗಳಲ್ಲಿ ಈ ಪರೀಕ್ಷೆಯನ್ನು 20 ಡಿಗ್ರಿಯಲ್ಲಿ 5 ದಿನ ಇಟ್ಟು ಮಾಡುತ್ತಾರೆ. ನಮ್ಮಲ್ಲಿ ಸೆಕೆ ಹೆಚ್ಚು, ಹಾಗಾಗಿ 27 ಡಿಗ್ರಿಯಲ್ಲಿ 3 ದಿನ.

ಇವೆರಡರ ಜೊತೆ ಇನ್ನೊಂದು ಅಂಕಿ ನೋಡಲೇಬೇಕು. ಅದು ಫೀಕಲ್ ಕೋಲಿಫಾರ್ಮ್, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ. ಸ್ನಾನದ ನೀರಿನಲ್ಲಿ 100 ಮಿಲಿಲೀಟರಿಗೆ 500 ಒಳಗಿರಬೇಕು, ಎಷ್ಟೆಂದರೂ 2500 ದಾಟಬಾರದು. ಕಚ್ಚಾ ಕೊಳಚೆಯಲ್ಲಿ ಇದು ಹತ್ತಾರು ಲಕ್ಷದಿಂದ ಕೋಟಿ ತನಕ ಇರುತ್ತದೆ. ನೀರು ಕಣ್ಣಿಗೆ ತಿಳಿಯಾಗಿ ಕಂಡಿತು ಅಂತ ಇದು ಇಲ್ಲ ಅಂದುಕೊಳ್ಳುವ ಹಾಗಿಲ್ಲ.

ನಮ್ಮದು ಸಣ್ಣ ಊರು. ನಮ್ಮಿಂದ ಅಷ್ಟು ದೊಡ್ಡ ಹೊಳೆಗೆ ಏನು ಆಗುತ್ತೆ?

ಲೆಕ್ಕ ಹಾಕಿಯೇ ನೋಡೋಣ. 50 ಸಾವಿರ ಜನರ ಊರು ಅಂದುಕೊಳ್ಳಿ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅಂತ ಸರ್ಕಾರಿ ಲೆಕ್ಕ. ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳಚೆಯಾಗಿ ಹೊರಬರುತ್ತದೆ. ಅಂದರೆ ದಿನಕ್ಕೆ 54 ಲಕ್ಷ ಲೀಟರ್.

ಇದರ ಬಿಒಡಿ 200 ಇದೆ, ಶುದ್ಧ ಮಾಡದೆ ಹೊಳೆಗೆ ಬಿಟ್ಟಿದ್ದೇವೆ. ಮೇಲಿನಿಂದ ಬರುವ ಹೊಳೆ ತುಂಬಾ ಚೆನ್ನಾಗಿದೆ, ಬಿಒಡಿ 1 ಅಷ್ಟೆ. ಎರಡೂ ಬೆರೆತ ಮೇಲೆ 3ರ ಒಳಗೆ ಇರಬೇಕಾದರೆ ಹೊಳೆಯಲ್ಲಿ ದಿನಕ್ಕೆ ಸುಮಾರು 53 ಕೋಟಿ ಲೀಟರ್ ಹರಿಯುತ್ತಿರಬೇಕು. ಅಣೆಕಟ್ಟಿನ ಸುದ್ದಿಯಲ್ಲಿ ಓದುವ ಭಾಷೆಯಲ್ಲಿ ಹೇಳುವುದಾದರೆ 217 ಕ್ಯೂಸೆಕ್. ಮಳೆಗಾಲದಲ್ಲಿ ಇದು ಲೆಕ್ಕಕ್ಕೇ ಇಲ್ಲದ ನೀರು. ಏಪ್ರಿಲ್‌ನಲ್ಲಿ, ಬಂಡೆಗಳು ಎದ್ದು ಕಾಣುವ ಹೊತ್ತಿನಲ್ಲಿ, ಸಣ್ಣ ಮಾತಲ್ಲ.

ಅದೇ ಕೊಳಚೆಯನ್ನು ಬಿಒಡಿ 10ಕ್ಕೆ ಇಳಿಸಿ ಬಿಟ್ಟರೆ? ಆಗ 8 ಕ್ಯೂಸೆಕ್ ಹರಿದರೂ ಸಾಕು. ಬಿಟ್ಟ ನೀರು ಅಷ್ಟೇ, ಊರೂ ಅದೇ. ಸಣ್ಣ ಊರಿಗೂ ಶುದ್ಧೀಕರಣ ಯಾಕೆ ಬೇಕು ಅಂತ ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಅದೂ ಇದು ಒಂದೇ ಊರಿನ ಲೆಕ್ಕ. ಕೆಳಗಿನ ಊರಿಗೆ ತಲುಪುವಾಗ ಹೊಳೆ ಬಿಒಡಿ 1ರಲ್ಲಿ ಇರುವುದಿಲ್ಲ. ಅವರು ಎಷ್ಟೇ ಶುದ್ಧ ಮಾಡಿ ಬಿಟ್ಟರೂ ನಾವು ಮಾಡಿದ್ದು ಅವರ ಲೆಕ್ಕಕ್ಕೆ ಸೇರಿರುತ್ತದೆ.

ಮಳೆಗಾಲದಲ್ಲಿ ಹೊಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತಲ್ಲ?

ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಅನ್ನುವುದು ಪ್ರಶ್ನೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುತ್ತವೆ. ಅಲ್ಲಿಂದ ಹೊನ್ನಾಳಿ, ಹರಿಹರ ದಾಟಿ ಹೊಸಪೇಟೆಯ ಅಣೆಕಟ್ಟಿನಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಕೊಳಚೆಯ ಸಾರಜನಕ, ರಂಜಕ ಸೇರಿಕೊಂಡರೆ ಪಾಚಿಗೆ ಹಬ್ಬ.

ಶುದ್ಧೀಕರಣ ಘಟಕದ ಒಳಗೆ ಏನು ನಡೆಯುತ್ತೆ? ಕೆಮಿಕಲ್ ಹಾಕ್ತಾರಾ?

ಕೊನೆಯಲ್ಲಿ ಹಾಕುವ ಕ್ಲೋರಿನ್ ಬಿಟ್ಟರೆ ಹೆಚ್ಚೇನೂ ಇಲ್ಲ. ಕೆಲಸ ಮಾಡುವುದು ಬ್ಯಾಕ್ಟೀರಿಯಾ.

ಮೊದಲು ಕಬ್ಬಿಣದ ಜಾಲರಿ. ಪ್ಲಾಸ್ಟಿಕ್, ಬಟ್ಟೆ, ಸ್ಯಾನಿಟರಿ ಪ್ಯಾಡ್, ಶಾಂಪೂ ಸ್ಯಾಶೆ ಎಲ್ಲ ಇಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಮರಳು ತಳ ಸೇರಲು ಒಂದು ತೊಟ್ಟಿ. ನಂತರದ್ದು ಗಾಳಿ ತೊಟ್ಟಿ. ಇಲ್ಲಿ ಬ್ಲೋವರ್ ಇಟ್ಟು ಕೆಳಗಿನಿಂದ ಗಾಳಿ ಊದುತ್ತಾರೆ. ಗಾಳಿ ಸಿಕ್ಕ ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು ಬೆಳೆಯುತ್ತವೆ. ಹೊಳೆಯಲ್ಲಿ ನಡೆಯುವುದೂ ಇದೇ, ಇಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಮುಂದಿನ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಕೆಸರಾಗಿ ತಳಕ್ಕೆ ಕೂರುತ್ತವೆ, ಮೇಲೆ ತಿಳಿ ನೀರು ಉಳಿಯುತ್ತದೆ. ಆ ಕೆಸರಿನಲ್ಲಿ ಒಂದಿಷ್ಟನ್ನು ಮತ್ತೆ ಗಾಳಿ ತೊಟ್ಟಿಗೆ ಬಿಡುತ್ತಾರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಈ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕಂಡುಹಿಡಿದರು. ಈಗಿನ ಹೊಸ ಹೆಸರಿನ ಘಟಕಗಳಲ್ಲಿ ಬಹಳಷ್ಟು ಇದರದ್ದೇ ಮೊಮ್ಮಕ್ಕಳು.

ಇದರಲ್ಲಿ ನಾಜೂಕಿನ ಜಾಗ ಬ್ಲೋವರ್. ಕರೆಂಟ್ ಜಾಸ್ತಿ ತಿನ್ನುವುದೂ ಅದೇ. ಬಿಲ್ ಉಳಿಸಲು ಅಂತ ರಾತ್ರಿ ನಿಲ್ಲಿಸಿದರೆ, ಅಥವಾ ಕೆಟ್ಟು ವಾರ ಕೂತರೆ, ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ. ಮತ್ತೆ ಸ್ವಿಚ್ ಹಾಕಿದ ಕೂಡಲೇ ಘಟಕ ಮೊದಲಿನ ಹಾಗೆ ಆಗುವುದಿಲ್ಲ, ದಿನಗಳು ಹಿಡಿಯುತ್ತವೆ.

ನಮ್ಮೂರಲ್ಲಿ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಕಟ್ಟಿದಾರೆ. ಆದರೂ ಮೋರಿ ನೀರು ಹೊಳೆಗೇ ಬೀಳ್ತಿದೆ. ಯಾಕೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಉದ್ಘಾಟನೆಯ ಕಲ್ಲಿನ ಮೇಲೆ ಘಟಕದ ಸಾಮರ್ಥ್ಯ ಕೆತ್ತಿರುತ್ತಾರೆ. ಅಲ್ಲಿಗೆ ದಿನಕ್ಕೆ ಎಷ್ಟು ನೀರು ಬಂದು ಮುಟ್ಟುತ್ತದೆ ಅಂತ ಯಾರೂ ಕೆತ್ತುವುದಿಲ್ಲ.

ದೇಶದ ಲೆಕ್ಕವೂ ಹೀಗೇ ಇದೆ. ಕೇಂದ್ರ ಮಂಡಳಿಯ 2021ರ ವರದಿಯ ಪ್ರಕಾರ ನಗರ, ಪಟ್ಟಣಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟುತ್ತದೆ. ಕಟ್ಟಿರುವ ಘಟಕಗಳ ಸಾಮರ್ಥ್ಯ 31,841. ನಿಜವಾಗಿ ಶುದ್ಧವಾಗುವುದು 20,235. ಘಟಕ ಸಾಲದು ಅನ್ನುವುದು ಒಂದು ಕಥೆ. ಇರುವ ಘಟಕಗಳೇ ಅರೆಹೊಟ್ಟೆಯಲ್ಲಿ ಇವೆ ಅನ್ನುವುದು ಇನ್ನೊಂದು. ಸಣ್ಣ ಊರುಗಳಲ್ಲಿ ಎರಡನೆಯದನ್ನು ಮೊದಲು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಾರಣಗಳು ರಸ್ತೆಯಲ್ಲೇ ಕಾಣುತ್ತವೆ. ಯುಜಿಡಿ (ಒಳಚರಂಡಿ) ಪೈಪ್ ಬೀದಿಯಲ್ಲಿ ಹೋಗಿರುತ್ತದೆ, ಮನೆಯಿಂದ ಚೇಂಬರ್‌ವರೆಗಿನ ಹತ್ತಿಪ್ಪತ್ತು ಅಡಿ ಜೋಡಣೆ ಆಗಿರುವುದಿಲ್ಲ. ಅದರ ಖರ್ಚು ಮನೆಯವರದ್ದು. ಹಳೇ ಮನೆಗಳಲ್ಲಿ ಶೌಚಾಲಯ ಹಿತ್ತಲಲ್ಲಿರುತ್ತದೆ. ಪೈಪ್ ಮುಂದಿನ ರಸ್ತೆಗೆ ತರಬೇಕಾದರೆ ನಡುಮನೆ ಅಗೆಯಬೇಕು. ಮಲೆನಾಡಿನ ಊರುಗಳಲ್ಲಿ ಇನ್ನೊಂದು ತೊಡಕು: ಮನೆ ರಸ್ತೆಗಿಂತ ತಗ್ಗಿನಲ್ಲಿ, ಹೊಳೆಯ ಕಡೆಗೆ ಇಳಿಜಾರು. ಕೊಳಚೆಗೆ ಹೊಳೆಯ ದಾರಿ ಸುಲಭ, ಚೇಂಬರ್ ದಾರಿ ಏರು.

ಕೆಲವರು ಶೌಚಾಲಯದ ಪೈಪ್ ಮಾತ್ರ ಯುಜಿಡಿಗೆ ಕೊಟ್ಟು ಬಚ್ಚಲು, ಅಡುಗೆಮನೆ ನೀರನ್ನು ಮೋರಿಗೇ ಬಿಡುತ್ತಾರೆ. ತಗ್ಗಿನ ಬಡಾವಣೆಯ ನೀರನ್ನು ಮೇಲೆತ್ತಲು ವೆಟ್‌ವೆಲ್ ಕಟ್ಟಿರುತ್ತಾರೆ. ಪಂಪ್ ನಿಂತರೆ ಅದು ತುಂಬಿ ಪಕ್ಕದ ಹಳ್ಳಕ್ಕೆ ಉಕ್ಕುತ್ತದೆ. ಇನ್ನು ಮಳೆಗಾಲದಲ್ಲಿ ತಾರಸಿ ನೀರನ್ನು ಚೇಂಬರ್‌ಗೆ ಬಿಡುವ ಜನ ನಾವು. ಅಷ್ಟು ನೀರು ನುಗ್ಗಿದರೆ ಮ್ಯಾನ್‌ಹೋಲ್ ಮುಚ್ಚಳ ಹಾರುತ್ತದೆ, ಘಟಕದ ಬ್ಯಾಕ್ಟೀರಿಯಾ ಕೊಚ್ಚಿ ಹೋಗುತ್ತವೆ. ತಾರಸಿ ಪೈಪನ್ನು ದಯವಿಟ್ಟು ಬೇರೆ ಮಾಡಿ.

ಎಲ್ಲ ಮನೆಗಳ ಜೋಡಣೆ ಮುಗಿಯುವ ತನಕ ಕೈಕಟ್ಟಿ ಕೂರಬೇಕಿಲ್ಲ. ಮೋರಿ ಹೊಳೆಗೆ ಸೇರುವ ಬಾಯಲ್ಲೇ ಸಣ್ಣ ಕಟ್ಟೆ, ಜಾಲರಿ, ಪಂಪ್ ಇಟ್ಟು ನೀರನ್ನು ಘಟಕಕ್ಕೆ ತಿರುಗಿಸಬಹುದು. ಜೋರು ಮಳೆಯಲ್ಲಿ ಇದು ನಡೆಯುವುದಿಲ್ಲ, ನೀರು ಕಟ್ಟೆ ದಾಟಿ ಹೋಗುತ್ತದೆ. ಹೊಳೆ ಬತ್ತಿರುವ ಬೇಸಿಗೆಯಲ್ಲಿ ನಡೆಯುತ್ತದೆ. ನಮಗೆ ಬೇಕಿರುವುದೂ ಆಗಲೇ.

ನಮ್ಮ ಮನೆಗೆ ಸೆಪ್ಟಿಕ್ ಟ್ಯಾಂಕ್ ಇದೆ. ನಮ್ಮಿಂದ ತೊಂದರೆ ಇಲ್ಲ ಅಲ್ವಾ?

ಟ್ಯಾಂಕಿನಿಂದ ಹೊರಬರುವ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ. ಸೆಪ್ಟಿಕ್ ಟ್ಯಾಂಕ್ ಗಟ್ಟಿ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಹೊರನೀರಿನಲ್ಲಿ ಅರ್ಧಕ್ಕೂ ಹೆಚ್ಚು ಕೊಳೆ, ರೋಗದ ಬ್ಯಾಕ್ಟೀರಿಯಾ ಇನ್ನೂ ಇರುತ್ತವೆ. ಆ ನೀರು ಇಂಗುಗುಂಡಿಗೆ ಹೋಗಬೇಕು. ಮೋರಿಗೆ ಹೋದರೆ ಅದು ಹೊಳೆಗೆ ಹೋದ ಹಾಗೆಯೇ.

ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ 60 ಅಡಿ ದೂರ ಇರಬೇಕು. 30-40ರ ಸೈಟಿನಲ್ಲಿ ಬಾವಿಯೂ ಗುಂಡಿಯೂ ಇದ್ದರೆ ಈ ಅಳತೆ ಸಿಗುವುದೇ ಇಲ್ಲ. ಮಲೆನಾಡಿನಲ್ಲಿ ಆಷಾಢದ ಹೊತ್ತಿಗೆ ಅಂತರ್ಜಲ ಮೇಲೆ ಬಂದು ಗುಂಡಿಯೇ ತುಂಬಿ ನಿಲ್ಲುತ್ತದೆ. ಆಗ ಬಾವಿ ನೀರಿನ ಬಗ್ಗೆ ಹುಷಾರಾಗಿರಿ.

ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. "ಹದಿನೈದು ವರ್ಷ ಆಯ್ತು, ಇನ್ನೂ ತುಂಬಿಲ್ಲ" ಅಂತ ಹೆಮ್ಮೆಯಿಂದ ಹೇಳುವವರು ಇದ್ದಾರೆ. ತುಂಬಿಲ್ಲ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಗುಂಡಿ ಖಾಲಿ ಮಾಡಿದ ಲಾರಿ ಅದನ್ನೆಲ್ಲ ಎಲ್ಲಿ ಸುರಿಯುತ್ತೆ?

ಸರಿಯಾದ ಜಾಗ ಇಲ್ಲದಿದ್ದರೆ ಹಳ್ಳಕ್ಕೋ, ಊರಾಚೆಯ ಖಾಲಿ ಜಾಗಕ್ಕೋ, ಕೇಳಿದ ರೈತರ ಹೊಲಕ್ಕೋ. ಒಂದು ಲಾರಿ ಗುಂಡಿ ಕೆಸರು ಮಾಮೂಲಿ ಕೊಳಚೆಗಿಂತ ಹತ್ತಾರು ಪಟ್ಟು ದಪ್ಪ.

ಇದಕ್ಕೆ ದಾರಿ ತೋರಿಸಿದ್ದು ಕರ್ನಾಟಕದ್ದೇ ಒಂದು ಸಣ್ಣ ಊರು, ದೇವನಹಳ್ಳಿ. ಅಲ್ಲಿ ಯುಜಿಡಿ ಇರಲಿಲ್ಲ. ಮನೆಮನೆಗೂ ಗುಂಡಿಗಳು. 2015ರಲ್ಲಿ ಸಿಡಿಡಿ ಸೊಸೈಟಿ ಅನ್ನುವ ಸಂಸ್ಥೆ ಪುರಸಭೆಯ ಜೊತೆ ಸೇರಿ ಗುಂಡಿ ಕೆಸರನ್ನೇ ಶುದ್ಧ ಮಾಡುವ ಘಟಕ ಕಟ್ಟಿತು. ಇಡೀ ಒಂದು ಪಟ್ಟಣಕ್ಕೆ ಅಂತ ಕಟ್ಟಿದ ಇಂಥ ಘಟಕ ದೇಶದಲ್ಲೇ ಮೊದಲನೆಯದು. ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಲಾರಿ ಬಂದು ಕೆಸರು ಸುರಿಯುತ್ತದೆ. ಅದು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತು, ಮರಳು ಹಾಸಿನ ಮೇಲೆ ಒಣಗುತ್ತದೆ. ಸೋರಿದ ನೀರು ಗಿಡ ನೆಟ್ಟ ಜಲ್ಲಿ ಹಾಸು ದಾಟಿ ಹೊರಬರುತ್ತದೆ. ಒಣಗಿದ ಕೆಸರನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಬ್ಲೋವರ್ ಇಲ್ಲ, ದೊಡ್ಡ ಕರೆಂಟ್ ಬಿಲ್ ಇಲ್ಲ.

ಯುಜಿಡಿಗೆ ಹಣ ಬರುವ ತನಕ ಕಾಯುತ್ತಿರುವ ಊರುಗಳಿಗೆ ಇದು ಕೈಗೆಟಕುವ ಕೆಲಸ. ಒಂದು ಮಿತಿ ಇದೆ: ಇದು ಗುಂಡಿಯ ಕೆಸರಿಗೆ ಮಾತ್ರ. ಬಚ್ಚಲು ನೀರು ಮೋರಿಯಲ್ಲೇ ಹರಿಯುತ್ತಿರುತ್ತದೆ, ಅದಕ್ಕೆ ಬೇರೆ ವ್ಯವಸ್ಥೆ ಬೇಕು.

ಸಕ್ಕಿಂಗ್ ಮಷೀನ್ ನಮ್ಮ ಗಲ್ಲಿಗೆ ಬರಲ್ಲ. ಆಳು ಇಳಿಸಿ ಕ್ಲೀನ್ ಮಾಡಿಸಬಹುದಾ?

ಖಂಡಿತ ಕೂಡದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಇದು ಜೈಲು ಶಿಕ್ಷೆಯ ಅಪರಾಧ. ಆಳು ಒಪ್ಪಿದ್ದ ಅನ್ನುವುದು ನೆಪ ಆಗುವುದಿಲ್ಲ. ಗುಂಡಿಯೊಳಗಿನ ಅನಿಲಕ್ಕೆ ಒಬ್ಬ ಬಿದ್ದರೆ, ಎತ್ತಲು ಹೋದ ಇನ್ನೊಬ್ಬನೂ ಬೀಳುತ್ತಾನೆ. ಇಂಥ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಈ ಪದ್ಧತಿಯ ವಿರುದ್ಧ ದೇಶದಾದ್ಯಂತ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿದವರು. ಗಲ್ಲಿ ಕಿರಿದಾದರೆ ಉದ್ದನೆಯ ಹೋಸ್ ಇರುವ ಸಣ್ಣ ವಾಹನ ಕಳಿಸಿ ಅಂತ ಪುರಸಭೆಗೆ ಬರೆದುಕೊಡಿ.

ಘಟಕ ನಮ್ಮ ಬಡಾವಣೆ ಪಕ್ಕ ಬರ್ತಿದೆ. ವಾಸನೆ ಬರುತ್ತಾ?

ಸರಿಯಾಗಿ ನಡೆಯುವ ಗಾಳಿ ತೊಟ್ಟಿಗೆ ಮಣ್ಣಿನ ವಾಸನೆ ಇರುತ್ತದೆ, ಅಷ್ಟೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಕೆಸರು ಒಣಗಿಸುವ ಜಾಗ, ಕೊಳಚೆ ಒಳಬರುವ ಬಾಯಿ ಇವೆರಡರಲ್ಲಿ ಮಾತ್ರ ಸ್ವಲ್ಪ ಇದ್ದೇ ಇರುತ್ತದೆ.

ಸಣ್ಣ ಊರಿಗೆ ಯಾವ ತಂತ್ರಜ್ಞಾನ ಒಳ್ಳೆಯದು?

ಊರಿನ ಪುರಸಭೆ ಹತ್ತು ವರ್ಷ ನಡೆಸಿಕೊಂಡು ಹೋಗಬಲ್ಲದ್ದು. ಜಾಗ ಇದ್ದರೆ ಆಕ್ಸಿಡೇಶನ್ ಕೊಳಗಳು ಒಳ್ಳೆಯವು. ಬಿಸಿಲು, ಪಾಚಿ ಸೇರಿ ಕೆಲಸ ಮಾಡುತ್ತವೆ, ಕರೆಂಟ್ ಬೇಡ, ರೋಗಾಣುಗಳೂ ಸಾಕಷ್ಟು ಕಡಿಮೆಯಾಗುತ್ತವೆ. ಆದರೆ ಎಕರೆಗಟ್ಟಲೆ ಸಮತಟ್ಟು ಜಾಗ ಬೇಕು. ಬಯಲುಸೀಮೆಯಲ್ಲಿ ಆದೀತು, ತೀರ್ಥಹಳ್ಳಿಯಂಥ ಕಡೆ ಕಷ್ಟ. ಎಸ್‌ಬಿಆರ್ (ಒಂದೇ ತೊಟ್ಟಿಯಲ್ಲಿ ಗಾಳಿ ಊದಿ, ಅಲ್ಲೇ ಕೆಸರು ಕೂರಿಸುವ ವಿಧಾನ) ಥರದ ಹೊಸ ಘಟಕಗಳಿಗೆ ಜಾಗ ಕಡಿಮೆ ಸಾಕು, ನೀರೂ ಚೆನ್ನಾಗಿ ಬರುತ್ತದೆ. ಆದರೆ ಕರೆಂಟ್, ಕಲಿತ ಆಪರೇಟರ್, ಬಿಡಿಭಾಗ ಮೂರೂ ಬೇಕು. ಟೆಂಡರ್ ಓದುವಾಗ ಕಟ್ಟುವ ಖರ್ಚಿನ ಜೊತೆ ನಡೆಸುವ ಖರ್ಚು ಯಾರ ತಲೆಗೆ ಅನ್ನುವ ಪುಟವನ್ನೂ ಓದಿ.

ಹೊಳೆಗೆ ಸೋಪು, ಬಟ್ಟೆ ಬಿಡೋದ್ರಿಂದಲೇ ಮಾಲಿನ್ಯ ಅಂತಾರಲ್ಲ? ಕಾರ್ಖಾನೆಗಳ ಪಾಲು?

ಸ್ನಾನಘಟ್ಟದಲ್ಲಿ ಸೋಪಿನ ಕವರ್, ಸ್ನಾನ ಮಾಡಿ ಬಿಟ್ಟುಹೋದ ಬಟ್ಟೆ ಕಣ್ಣಿಗೆ ರಾಚುತ್ತವೆ. ತೀರ್ಥಕ್ಷೇತ್ರಗಳ ಹೊಳೆದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ತಡೆಯಿರಿ ಅಂತ 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚಿಸಿದ್ದರು. ಒಳ್ಳೆಯದೇ. ಆದರೆ ಯಾತ್ರಿಕರನ್ನು ಬೈದು ಊರಿನ ಮೋರಿಯನ್ನು ಮರೆಯಬಾರದು. ಅದು ಜಾತ್ರೆ ಇರಲಿ ಬಿಡಲಿ, ದಿನವೂ ಹರಿಯುತ್ತದೆ.

ಕಾರ್ಖಾನೆಯ ವಿಷಯ ಬೇರೆ. ಹರಿಹರದ ಬಳಿ ಕಾರ್ಖಾನೆ ನೀರಿನ ವಿರುದ್ಧ 1980ರ ದಶಕದಲ್ಲಿ ದೊಡ್ಡ ಹೋರಾಟವೇ ನಡೆಯಿತು. ಕಾರ್ಖಾನೆಯ ಎಷ್ಟೋ ವಿಷಗಳನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ. ಊರಿನೊಳಗಿನ ಸಣ್ಣ ಡೈಯಿಂಗ್, ಬ್ಯಾಟರಿ, ಗ್ಯಾರೇಜ್ ನೀರು ಯುಜಿಡಿಗೆ ಸೇರಿದರೆ ಘಟಕದ ಬ್ಯಾಕ್ಟೀರಿಯಾವೇ ಸಾಯುತ್ತವೆ.

ಶುದ್ಧ ಮಾಡಿದ ನೀರನ್ನು ಹೊಳೆಗೇ ಬಿಡಬೇಕಾ?

ಬೇಕಿಲ್ಲ. ಬೆಂಗಳೂರಿನ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಶುದ್ಧ ಮಾಡಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಮೂರನೇ ಹಂತದ ಶುದ್ಧೀಕರಣ (ಬ್ಯಾಕ್ಟೀರಿಯಾದ ಕೆಲಸ ಮುಗಿದ ಮೇಲೂ ಉಳಿಯುವ ರಂಜಕದಂಥವನ್ನು ತೆಗೆಯುವುದು) ಇಲ್ಲ ಅನ್ನುವ ತಕರಾರು ಅಲ್ಲಿ ಇದೆ, ಅದು ಸುಮ್ನೆ ತಳ್ಳಿಹಾಕುವ ತಕರಾರಲ್ಲ. ಸಣ್ಣ ಊರಿಗೆ ಸುಲಭದ ದಾರಿಗಳಿವೆ: ಪಾರ್ಕ್, ರಸ್ತೆ ಕಾಮಗಾರಿ, ಹತ್ತಿರದ ತೋಟ. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಬೇಡ. ಬೇಸಿಗೆಯ ನಾಲ್ಕು ತಿಂಗಳು ತೋಟಕ್ಕೆ ಕೊಟ್ಟರೂ ಹೊಳೆಗೆ ದೊಡ್ಡ ಉಪಕಾರ.

ಯಾರ ಜವಾಬ್ದಾರಿ? ಹಣ ಎಲ್ಲಿಂದ?

ಕಟ್ಟುವುದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ನಡೆಸುವುದು ಪಟ್ಟಣ ಪಂಚಾಯಿತಿ ಅಥವಾ ಪುರಸಭೆ. ಹಸ್ತಾಂತರ ಆಯಿತೋ ಇಲ್ಲವೋ ಅನ್ನುವ ಜಗಳದಲ್ಲಿ ಘಟಕಗಳು ತುಕ್ಕು ಹಿಡಿಯುವುದುಂಟು. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ 2021ರಲ್ಲಿ ಶುರುವಾದ ಸ್ವಚ್ಛ ಭಾರತ್ ಮಿಷನ್ ನಗರ 2.0ರಲ್ಲಿ ಬಳಸಿದ ನೀರಿನ ನಿರ್ವಹಣೆಗೆ ಅಂತಲೇ ಹಣ ಇದೆ. ಶುದ್ಧ ಮಾಡದೆ ಹೊಳೆಗೆ ಬಿಡುವುದು 1974ರ ಜಲ ಕಾಯ್ದೆಯ ಪ್ರಕಾರ ಪುರಸಭೆಗೂ ತಪ್ಪೇ.

ನಮ್ಮ ಘಟಕ ಸರಿಯಾಗಿ ನಡೀತಿದೆಯಾ ಅಂತ ನಾವೇ ತಿಳಿಯೋದು ಹೇಗೆ?

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. "ಘಟಕ ಕೆಲಸ ಮಾಡುತ್ತಿದೆಯೇ" ಅಂತ ಕೇಳಬೇಡಿ, "ಹೌದು" ಅಂತ ಒಂದು ಸಾಲು ಬರುತ್ತದೆ. ಹೀಗೆ ಕೇಳಿ: ಕಳೆದ ಹನ್ನೆರಡು ತಿಂಗಳಲ್ಲಿ ದಿನಕ್ಕೆ ಎಷ್ಟು ನೀರು ಒಳಬಂತು? ಒಳಬಂದ, ಹೊರಹೋದ ನೀರಿನ ಬಿಒಡಿ ಮತ್ತು ಫೀಕಲ್ ಕೋಲಿಫಾರ್ಮ್ ಎಷ್ಟು? ತಿಂಗಳ ಕರೆಂಟ್ ಬಿಲ್ ಎಷ್ಟು? ಯುಜಿಡಿಗೆ ಸೇರಿದ ಮನೆ ಎಷ್ಟು, ಸೇರದ ಮನೆ ಎಷ್ಟು? ಕರೆಂಟ್ ಬಿಲ್ ಒಂದನ್ನೇ ನೋಡಿದರೂ ಬ್ಲೋವರ್ ಓಡಿತೋ ಇಲ್ಲವೋ ಗೊತ್ತಾಗುತ್ತದೆ, ಅದು ಸುಳ್ಳು ಹೇಳುವುದಿಲ್ಲ.

ಹೊರನೀರಿನ ಬಿಒಡಿಗೆ 2017ರ ಕೇಂದ್ರ ಅಧಿಸೂಚನೆ ಸಣ್ಣ ಊರುಗಳಿಗೆ 30ರ ಮಿತಿ ಇಟ್ಟಿತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ ಎಲ್ಲರಿಗೂ 10 ಅಂದಿತು. ನಿಮ್ಮ ಅಂಕಿಯನ್ನು ಎರಡಕ್ಕೂ ಹೋಲಿಸಿ. ಹೊಳೆ ನೀರಿನ ದರ್ಜೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಮೇಲಿನ ಊರಿನ ಅಂಕಿ, ನಿಮ್ಮ ಊರಿನ ಕೆಳಗಿನ ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚ್‌ನಿಂದ ಮೇ ತಿಂಗಳದ್ದು ಮುಖ್ಯ.

ಬಚ್ಚಲು ನೀರನ್ನು ಹಿತ್ತಲ ಗಿಡಕ್ಕೆ ಬಿಟ್ಟರೆ ಆಗುತ್ತಾ?

ಧಾರಾಳವಾಗಿ. ಬಚ್ಚಲ ಹಿಂದೆ ಬಾಳೆ, ಕೆಸು ಬೆಳೆಯುವುದು ನಮ್ಮಲ್ಲಿ ಹೊಸದೇನಲ್ಲ. ನೀರು ಒಂದೇ ಕಡೆ ನಿಲ್ಲದ ಹಾಗೆ ಆಗಾಗ ಕಾಲುವೆ ತಿರುಗಿಸಿ, ನಿಂತರೆ ಸೊಳ್ಳೆ. ಬ್ಲೀಚಿಂಗ್, ಟಾಯ್ಲೆಟ್ ಕ್ಲೀನರ್ ಬಳಸಿದ ದಿನದ ನೀರು ಬೇಡ. ಅಡುಗೆಮನೆ ನೀರಿನ ಜಿಡ್ಡಿಗೆ ಒಂದು ಸಣ್ಣ ತೊಟ್ಟಿ ಇಟ್ಟು ವಾರಕ್ಕೊಮ್ಮೆ ತೆಗೆಯಿರಿ. ಶೌಚಾಲಯದ ನೀರನ್ನು ಮಾತ್ರ ಇದಕ್ಕೆ ಸೇರಿಸಬೇಡಿ.